ಎಂಟರ ಕೂಟದ ಆರನೆಯ ಕುರ್ಚಿ

ಪ್ರೇರಿ ಎಂಟು ಅನ್ನುವುದು ಮಿನೆಸೋಟದ ನಮ್ಮ ಸೀಮೆಯ ಸಣ್ಣ ಕಾಲೇಜುಗಳು ತಮ್ಮತಮ್ಮಲ್ಲೇ ಆಡಲು ಕಟ್ಟಿಕೊಂಡ ಕೂಟ. ಹೆಸರಿಗೆ ಎಂಟು. ನಿಜವಾಗಿ ಎಂಟು ಕಾಲೇಜುಗಳಿದ್ದದ್ದು ಒಂದೇ ಒಂದು ವರ್ಷ. ಆ ವರ್ಷ ಬ್ಯಾನರಿನಲ್ಲಿ ಒಂಬತ್ತು ಅಂತ ಅಚ್ಚಾಗಿತ್ತು. ಶುರುವಿನಲ್ಲಿ ಹನ್ನೊಂದಿದ್ದವು. ಅದರಲ್ಲಿ ಒಂದು ಬಾಗಿಲು ಹಾಕಿತು. ಇನ್ನೊಂದು ಪಕ್ಕದೂರಿನ ಕಾಲೇಜನ್ನು ಮದುವೆಯಾಗಿ ಗಂಡನ ಹೆಸರು ಇಟ್ಟುಕೊಂಡಿತು. ಮತ್ತೊಂದು ಫುಟ್‌ಬಾಲ್ ಬಿಟ್ಟು ಧ್ಯಾನ ಹಿಡಿಯಿತು. ಕೈಯಲ್ಲಿ ಸ್ವಲ್ಪ ಕಾಸು ಆಡಿದವು ದೊಡ್ಡ ಕೂಟಗಳ ಕಡೆ ಓಡಿದವು. ಹೀಗೆ ಎಂಟರ ನಂಟು ಸಡಿಲವಾಗುತ್ತಾ ಬಂದು ಕೊನೆಗೆ ಉಳಿದದ್ದು ಆರು.

ಈ ಆರಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಆರು ಕಾಲೇಜುಗಳಿದ್ದರೆ ಮಾತ್ರ ಕೂಟದಲ್ಲಿ ಗೆದ್ದ ತಂಡ ದೇಶದ ಪಂದ್ಯಾವಳಿಗೆ ನೇರವಾಗಿ ಹೋಗಬಹುದು ಅನ್ನುವುದು ಮೇಲಿನ ಮಂಡಳಿಯ ನಿಯಮ. ಐದಾದರೆ ಆ ದಾರಿ ಬಂದ್. ದಾರಿ ಇಲ್ಲದ ಕೂಟದಲ್ಲಿ ಯಾರು ಇರುತ್ತಾರೆ? ಆರು ಆರಿದರೆ ದೀಪವೇ ಆರಿದ ಹಾಗೆ.

ಆ ದೀಪಕ್ಕೆ ಇಪ್ಪತ್ತು ವರ್ಷಗಳಿಂದ ಅಂಗೈ ಅಡ್ಡ ಹಿಡಿದು ಕೂತವಳು ಕೂಟದ ಕಮಿಷನರ್ ಮಾರ್ಲಿಸ್ ಓಡೆಗಾರ್ಡ್. ಹಿಂದೆ ವಾಲಿಬಾಲ್ ಕೋಚ್ ಆಗಿದ್ದವಳು, ನೆಲಕ್ಕೆ ಬೀಳುವ ಯಾವುದನ್ನು ಕಂಡರೂ ಎರಡು ಕೈ ಜೋಡಿಸಿ ಮುಂದೆ ಹಾರುವ ಅಭ್ಯಾಸ ಇನ್ನೂ ಹೋಗಿಲ್ಲ. ಕಮಿಷನರ್ ಅಂದರೆ ಕಾರು, ಕಚೇರಿ ಅಂದುಕೊಳ್ಳಬೇಡಿ. ಅವಳ ಕಚೇರಿ ಅವಳ ಅಡುಗೆಮನೆ, ಕೂಟದ ಟ್ರೋಫಿ ಅವಳ ಫ್ರಿಜ್ಜಿನ ಮೇಲೆ.

ಈ ಮೇ ತಿಂಗಳ ವಾರ್ಷಿಕ ಸಭೆ ಎಂದಿನಂತೆ ಎಲ್ಕ್ ಫೋರ್ಡ್ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿತ್ತು. ಮೇಜಿನ ಮೇಲೆ ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್, ನಿಂಬೆಯ ಸಿಹಿ ತುಂಡುಗಳು, ಮತ್ತೆ ಲೋಟದ ತಳ ಕಾಣುವಷ್ಟು ಪ್ರಾಮಾಣಿಕವಾದ ಕಾಫಿ. ಮುಂದಿನ ವರ್ಷದ ಆರು ಹೆಸರುಗಳನ್ನು ಅವತ್ತು ಸಂಜೆಯೊಳಗೆ ಮೇಲಿನ ಮಂಡಳಿಗೆ ತಿಳಿಸಬೇಕಿತ್ತು.

ನಾರ್ಡೆನ್ ಕಾಲೇಜಿನ ಅಧ್ಯಕ್ಷ ಕರ್ಟಿಸ್ ಆಲ್‌ಕ್ವಿಸ್ಟ್ ಎದ್ದು ನಿಂತ. ಹೋದ ಚಳಿಗಾಲದ ಹಿಮದ ಬಗ್ಗೆ ಮಾತಾಡಿದ. ಸರೋವರದಲ್ಲಿ ಮೀನು ಕಚ್ಚುತ್ತಿಲ್ಲ ಅಂದ. ಅಮ್ಮನ ಮಂಡಿನೋವಿನ ತನಕ ಬಂದ. ಅಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿಹೋಗಿತ್ತು. ನಮ್ಮ ಕಡೆ ಕೆಟ್ಟ ಸುದ್ದಿ ಯಾವಾಗಲೂ ಮಂಡಿನೋವಿನ ಬಸ್ಸು ಹತ್ತಿಯೇ ಬರುತ್ತದೆ.

"ನಾವು ಸ್ವಲ್ಪ... ಬೇರೆ ಥರ ಯೋಚನೆ ಮಾಡ್ತಾ ಇದೀವಿ," ಅಂದ ಕರ್ಟಿಸ್.

"ಬೇರೆ ಥರ ಅಂದ್ರೆ ಮಿನಿಯಾಪೊಲಿಸ್ ಥರಾನೇನೋ?" ಅಂತ ಕೇಳಿದಳು ವರ್ನಾ ಲಿಂಡಾಲ್. ವರ್ನಾ ಆತಿಥೇಯ ಕಾಲೇಜಿನ ಕ್ರೀಡಾ ನಿರ್ದೇಶಕಿ, ಚಿಕ್ಕಂದಿನಲ್ಲಿ ಇದೇ ನೆಲಮಾಳಿಗೆಯಲ್ಲಿ ಕರ್ಟಿಸನಿಗೆ ಭಾನುವಾರದ ಬೈಬಲ್ ಪಾಠ ಹೇಳಿದವಳು.

"ಹ್ಞೂಂ, ಆ ಕಡೆಯ ಕೂಟದೋರು ಕರೆದ್ರು. ನಮ್ಮ ಟ್ರಸ್ಟಿಗಳಿಗೆ ಆಸೆ. ನನಗೇನೂ..."

"ಆಗ್ಲಿ ಬಿಡು. ಅದೂ ಒಂದು ಥರ ಸರಿನೇ," ಅಂದಳು ವರ್ನಾ.

ನಮ್ಮ ಕಡೆ ಇದಕ್ಕಿಂತ ಕಠೋರವಾದ ಬೈಗುಳ ಇಲ್ಲ. ಕರ್ಟಿಸ್ ಕಿವಿಯವರೆಗೆ ಕೆಂಪಾದ. ಯಾರೂ ಜಗಳ ಆಡಲಿಲ್ಲ. ಯಾರೋ ಅವನ ತಟ್ಟೆಗೆ ಇನ್ನೊಂದು ಸಿಹಿ ತುಂಡು ಹಾಕಿದರು, ಅದರಿಂದ ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಸಭೆ ಊಟಕ್ಕೆ ಎದ್ದಿತು. ಕರ್ಟಿಸ್ "ಸರಿ, ಹಾಗಾದ್ರೆ ನಾನಿನ್ನು..." ಅಂತ ಕೋಟು ಹಾಕಿಕೊಂಡು ಬಾಗಿಲಿಗೆ ಹೋದ. ಹೊರಡುವುದು ಬೇರೆ, ಹೋಗುವುದು ಬೇರೆ. ಅವನು ಅಲ್ಲೇ ನಿಂತು ಒಬ್ಬೊಬ್ಬರಿಗೂ ವಿದಾಯ ಹೇಳುತ್ತಾ ಉಳಿದ.

ಅದೇ ಬಾಗಿಲಿನಿಂದ ಕ್ಯಾಸ್ ಪೊಲಾಸ್ಕಿ ಒಳಗೆ ಬಂದ, ಕೈಯಲ್ಲಿ ರೂಬಾರ್ಬ್ ಅನ್ನುವ ಹುಳಿದಂಟಿನ ಸಿಹಿ ಪೈ ಹಿಡಿದು.

ಕ್ಯಾಸ್ ಸೇಂಟ್ ಹೆಡ್ವಿಗ್ ಕಾಲೇಜಿನ ಕ್ರೀಡಾ ನಿರ್ದೇಶಕ. ಅದು ಪೋಲಿಷ್ ಸನ್ಯಾಸಿನಿಯರು ಕಟ್ಟಿದ ಕ್ಯಾಥೊಲಿಕ್ ಕಾಲೇಜು. ನಲವತ್ತು ವರ್ಷಗಳ ಹಿಂದೆ ಒಂದು ತಂಡದ ಬಸ್ಸು ಹಿಮದಲ್ಲಿ ಹೂತುಹೋದಾಗ ಬದಲಿಗೆ ಆಡಲು ಬಂದವರು ಇವರು, ಆಮೇಲೆ ಬರುತ್ತಲೇ ಇದ್ದಾರೆ. ಪ್ರತಿ ಋತುವಿನಲ್ಲೂ ಕೂಟದ ಎಲ್ಲರ ಜೊತೆ ಆಡುತ್ತಾರೆ. ಆಟದಲ್ಲಿ ಇದ್ದಾರೆ, ಸದಸ್ಯರಲ್ಲವಾದ್ದರಿಂದ ಅಂಕಪಟ್ಟಿಯಲ್ಲಿ ಇಲ್ಲ. ಎಲ್ಲರನ್ನೂ ಸೋಲಿಸಿದ ವರ್ಷವೂ ಟ್ರೋಫಿ ಎರಡನೆಯವರಿಗೇ ಹೋಯಿತು, ಕ್ಯಾಸನೇ ಎದ್ದು ನಿಂತು ಚಪ್ಪಾಳೆ ತಟ್ಟಿದ. ಪ್ರತಿ ಮೇ ತಿಂಗಳಲ್ಲಿ ಮುಂದಿನ ವರ್ಷದ ದಿನಾಂಕಗಳನ್ನು ಗೊತ್ತು ಮಾಡಿಕೊಳ್ಳಲು ಬರುತ್ತಾನೆ, ಬಾಗಿಲಲ್ಲೇ ಪೈ ಕೊಟ್ಟು, ಟೋಪಿ ಕೈಯಲ್ಲಿ ಹಿಡಿದು ನಿಂತು, ಹೋಗುತ್ತಾನೆ.

ವರ್ನಾ ಮಾರ್ಲಿಸಳ ಪಕ್ಕೆಗೆ ತಿವಿದಳು. "ಆರನೇದು ತಾನಾಗೇ ನಡ್ಕೊಂಡು ಬಂದಿದೆ, ಪೈ ಬೇರೆ ತಂದಿದೆ. ಕೇಳೇ!"

"ಹೇಗೆ ಕೇಳ್ಲಿ? ಮೊದಲನೇ ಕಮಿಷನರ್ ಕಾಲದಲ್ಲೇ ಮೂರು ಸಲ ಕೇಳಿ ಆಗಿದೆ. ಮೂರು ಸಲಾನೂ ಬೇಡ ಅಂದ್ರು. ನಾಲ್ಕನೇ ಸಲ ಕೇಳಿದ್ರೆ ಅವರಿಗೂ ಮುಜುಗರ, ನಮಗೂ ಮರ್ಯಾದೆ ಇಲ್ಲ."

ನಮ್ಮ ಕಡೆಯ ಪದ್ಧತಿ ಇದು. ಏನನ್ನೇ ಕೊಡಲಿ, ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ "ಒಂಚೂರು ಮಾತ್ರ" ಅಂತ ಕೈ ಚಾಚಬೇಕು. ಮೂರನೇ ಸಲವೂ ಬೇಡ ಅಂದರೆ ಮಾತ್ರ ಬೇಡ.

ಮಾರ್ಲಿಸ್ ಪೈ ತೆಗೆದುಕೊಂಡಳು. "ಕಾಫಿ ಕುಡೀತೀರಾ ಕ್ಯಾಸ್?"

"ಅಯ್ಯೋ ಬೇಡ ಬೇಡ, ಹೊರಟೆ."

"ಒಂದು ಲೋಟ?"

"ಸುಮ್ನೆ ನಿಮಗೆ ತೊಂದರೆ."

ಪ್ರತಿ ವರ್ಷ ಸರಿಯಾಗಿ ಈ ಎರಡನೇ ಬೇಡಕ್ಕೆ ಒಳಗಿನಿಂದ ಯಾರಾದರೂ ಮಾರ್ಲಿಸಳನ್ನು ಕೂಗುತ್ತಿದ್ದರು. ಈ ವರ್ಷ ಕೂಗುವವರಿರಲಿಲ್ಲ, ಎಲ್ಲರೂ ತಟ್ಟೆ ನೋಡುತ್ತಾ ಕೂತಿದ್ದರು.

"ಅರ್ಧ ಲೋಟ ಆದ್ರೂ ತಗೊಳ್ರೀ."

"ಹಂಗಾದ್ರೆ ಒಂಚೂರು," ಅಂದ ಕ್ಯಾಸ್. ನಲವತ್ತು ವರ್ಷದಲ್ಲಿ ಮೊದಲ ಸಲ ಆ ನೆಲಮಾಳಿಗೆಯ ಕುರ್ಚಿಯಲ್ಲಿ ಕೂತ.

ಮಾರ್ಲಿಸಳಿಗೆ ಅವನ ಎದುರು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮುಂದಿನ ವರ್ಷದ ದಿನಾಂಕ ಕೊಡೋಕೆ ಆಗಲ್ಲ ಕ್ಯಾಸ್. ನಾರ್ಡೆನ್ ಹೋಗ್ತಿದೆ. ನಾವು ಐದಾದ್ವಿ. ಕೂಟ ಮುಗೀತು."

ಕ್ಯಾಸ್ ಲೋಟ ಕೆಳಗಿಟ್ಟ. "ಹಾಗಂದ್ರೆ... ಸಿಸ್ಟರ್ ಲುಡ್ಮಿಲಾಗೆ ನಾನೇನು ಹೇಳ್ಲಿ?"

"ಯಾರು, ನಿಮ್ಮ ಹಳೇ ಅಧ್ಯಕ್ಷರಾ? ಇನ್ನೂ ಇದಾರಾ?"

"ಇದಾರೆ. ತೊಂಬತ್ತು ದಾಟಿದೆ. ಮಂಚದ ಮೇಲಿದಾರೆ. ಪ್ರತಿ ವರ್ಷ ಅವರೇ ಕಳಿಸೋದು. 'ಪೈ ತಗೊಂಡು ಹೋಗು, ಬಾಗಿಲ ಹತ್ರ ಒಂದ್ ಗಳಿಗೆ ನಿಲ್ಲು, ಕೇಳಿದ್ರೆ ಹೂಂ ಅನ್ನು' ಅಂತಾರೆ. ನಾನು ವಾಪಸ್ ಹೋದ ತಕ್ಷಣ 'ಕೇಳಿದ್ರಾ?' ಅಂತಾರೆ."

"ಏನನ್ನ ಕೇಳೋದು?"

"ಮೂರನೇ ಸಲ."

ಮಾರ್ಲಿಸಳ ಕೈಯಲ್ಲಿದ್ದ ಕಾಫಿ ಪಾತ್ರೆ ಅರ್ಧದಲ್ಲೇ ನಿಂತಿತು.

"ನಿಮ್ಮ ಮೊದಲನೇ ಕಮಿಷನರ್ ಬಂದಾಗ ನಾನೂ ಅಲ್ಲೇ ಇದ್ದೆ, ಆಗ ಸಹಾಯಕ ಕೋಚು," ಅಂದ ಕ್ಯಾಸ್. "ಅವರು 'ನಮ್ಮ ಕೂಟಕ್ಕೆ ಸೇರ್ತೀರಾ?' ಅಂದ್ರು. ಸಿಸ್ಟರ್ 'ಅಯ್ಯೋ, ನಮ್ಮಂಥೋರು ಯಾಕೆ' ಅಂದ್ರು. ಇನ್ನೊಂದ್ಸಲ ಕೇಳಿದ್ರು. 'ನಿಮಗೆ ಸುಮ್ನೆ ತೊಂದರೆ' ಅಂದ್ರು. ಅಷ್ಟಕ್ಕೇ ಆ ಮನುಷ್ಯ ಥ್ಯಾಂಕ್ಸ್ ಹೇಳಿ ಟೋಪಿ ಹಾಕ್ಕೊಂಡು ಹೊರಟೇಬಿಟ್ಟ! ಸಿಸ್ಟರ್ ಕಿಟಕೀಲಿ ನಿಂತಿದ್ರು, 'ಏನೋ ಮರ್ತಿದಾರೆ, ವಾಪಸ್ ಬರ್ತಾರೆ' ಅಂತ."

"ಲಿಯೊನಾರ್ಡ್ ಫರೋ," ಅಂದಳು ವರ್ನಾ, ಹಣೆಗೆ ಕೈ ಹಚ್ಚಿ. "ನ್ಯೂಜೆರ್ಸಿಯವನು! ಬೇಡ ಅಂದ್ರೆ ಬೇಡ ಅಂತಾನೇ ಅಂದ್ಕೊಂಡ, ಪಾಪ."

ಫರೋ ಬಂದು "ಕೇಳಿದೆ, ಒಪ್ಪಲಿಲ್ಲ" ಅಂದಿದ್ದ. ಎಷ್ಟು ಸಲ ಕೇಳಿದೆ ಅಂತ ಯಾರೂ ವಿಚಾರಿಸಲಿಲ್ಲ. ಯಾಕೆ ವಿಚಾರಿಸಬೇಕು? ಎರಡಕ್ಕೇ ನಿಲ್ಲಿಸುವ ಮನುಷ್ಯ ಭೂಮಿಯ ಮೇಲೆ ಇರಬಹುದು ಅನ್ನುವುದೇ ನಮ್ಮವರಿಗೆ ಹೊಳೆದಿರಲಿಲ್ಲ. ಸೇಂಟ್ ಹೆಡ್ವಿಗ್‌ನವರಿಗೆ ಕೂಟ ಬೇಡ ಅಂತ ನಮ್ಮವರು ಅಂದುಕೊಂಡರು, ಕೂಟಕ್ಕೆ ತಾವು ಬೇಡ ಅಂತ ಅವರು ಅಂದುಕೊಂಡರು. ನಡುವೆ ನಲವತ್ತು ಪೈ.

ಮಾರ್ಲಿಸ್ ಪಾತ್ರೆ ಇಟ್ಟಳು. "ಕ್ಯಾಸ್, ಸೇಂಟ್ ಹೆಡ್ವಿಗ್ ನಮ್ಮ ಕೂಟಕ್ಕೆ ಬರುತ್ತಾ?"

"ಅಯ್ಯೋ, ನಮ್ಮಂಥೋರು..."

"ಸುಮ್ನಿರ್ರೀ! ಮೊದಲಿಂದ ಶುರು ಮಾಡಬೇಡಿ. ಇದು ಮೂರನೇದು."

ಕ್ಯಾಸನ ಬಾಯಿ ತೆರೆದೇ ಇತ್ತು. ಬೇಡ ಅನ್ನಲು ಹೊರಟಿದ್ದ ತುಟಿಗಳಿಗೆ ದಾರಿ ಬದಲಿಸಲು ಸ್ವಲ್ಪ ಹೊತ್ತು ಹಿಡಿಯಿತು. "ಹೂಂ," ಅಂದ. "ನಮ್ಮಲ್ಲಿ ಅಧ್ಯಕ್ಷರು ಎಷ್ಟೇ ಬದಲಾದ್ರೂ ಈ ಹೂಂ ಬದಲಾಗಿಲ್ಲ."

ಮಾರ್ಲಿಸ್ ಅಲ್ಲೇ ಸಭೆ ಕೂಡಿಸಿ ಸೂಚನೆ ಮಂಡಿಸಿದಳು. ಅನುಮೋದಿಸುವವರು ಯಾರು ಅಂದಾಗ ಬಾಗಿಲಿನಿಂದ ದನಿ ಬಂತು. ಕರ್ಟಿಸ್ ಇನ್ನೂ ಹೋಗಿರಲಿಲ್ಲ. "ಈ ತಿಂಗಳ ಕೊನೇತನಕ ನಾನೂ ಸದಸ್ಯನೇ ತಾನೆ? ನಾನು ಅನುಮೋದಿಸ್ತೀನಿ."

"ಬಂದು ಕೂತ್ಕೊಳೋ, ಕೋಟು ಬಿಚ್ಚು, ಬೆವರ್ತಿದೀಯ," ಅಂದಳು ವರ್ನಾ. ಆ ಮಧ್ಯಾಹ್ನ ಅವಳು ಅವನಿಗೆ ಆಡಿದ ಮೊದಲ ಒಳ್ಳೆಯ ಮಾತು.

ಕೈಗಳು ಎದ್ದವು. ಮಾರ್ಲಿಸ್ ಮಂಡಳಿಗೆ ಫೋನ್ ಮಾಡಿ ಆರು ಹೆಸರು ಹೇಳಿದಳು, ಆರನೆಯದನ್ನು ಸ್ವಲ್ಪ ಜೋರಾಗಿಯೇ. ಆಮೇಲೆ ಕ್ಯಾಸ್ ಮಠಕ್ಕೆ ಫೋನ್ ಹಚ್ಚಿದ. ಸಿಸ್ಟರಿಗೆ ಕಿವಿ ಮಂದ, ಹಾಗಾಗಿ ಎಲ್ಲರಿಗೂ ಕೇಳಿಸಿತು.

"ಕೇಳಿದ್ರಾ?"

"ಕೇಳಿದ್ರು ಸಿಸ್ಟರ್!"

"ಮೂರನೇದಾ?"

"ಮೂರನೇದೇ! ನಾನು ಹೂಂ ಅಂದೆ!"

ಮಾರ್ಲಿಸ್ ಮುಖ ತಿರುಗಿಸಿ ಕರವಸ್ತ್ರ ಹುಡುಕಿದಳು. ಆಮೇಲೆ ಆ ಕಡೆಯಿಂದ ಸಣ್ಣ ದನಿ ಬಂತು. "ಅವರಿಗೇನೂ ತೊಂದರೆ ಆಗಲ್ಲ ತಾನೆ?"

ಪೈ ಕತ್ತರಿಸಿದರು. ತಟ್ಟೆಯಲ್ಲಿ ಕೊನೆಯ ತುಂಡು ಉಳಿಯಿತು. ನಮ್ಮ ಕಡೆ ಕೊನೆಯ ತುಂಡಿಗೆ ನೆಂಟರು ಕೈ ಹಾಕುವುದಿಲ್ಲ, ಮನೆಯವರೂ ಅರ್ಧ ಬಿಟ್ಟೇ ತೆಗೆದುಕೊಳ್ಳುತ್ತಾರೆ. ವರ್ನಾ ಅದರಲ್ಲಿ ಅರ್ಧ ಕತ್ತರಿಸಿಕೊಂಡಳು. ಕರ್ಟಿಸ್ ಉಳಿದದ್ದರಲ್ಲಿ ಅರ್ಧ. ಇನ್ನೊಬ್ಬರು ಅದರಲ್ಲಿ ಅರ್ಧ. ಕೊನೆಗೆ ಬೆರಳಗಲದ ಚೂರು ತಟ್ಟೆಯ ನಡುವೆ ಒಂಟಿಯಾಗಿ ಕೂತಿತ್ತು.

ಕ್ಯಾಸ್ ಅದನ್ನೇ ನೋಡಿದ. ಸುತ್ತ ನೋಡಿದ. ಟೋಪಿಯನ್ನು ಮಂಡಿಯ ಮೇಲಿನಿಂದ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, ಯಾರೂ ಒಂದು ಸಲವೂ ಕೇಳದೆ, ಕೈ ಚಾಚಿ ಆ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡ.