ತಗಡಿನ ಶೆಡ್ಡಿನ ಬ್ಯಾಟರಿ

ಮನೆಯೊಳಗಿನ ನೋವನ್ನು ಹೀಗೆ ಹತ್ತು ಮಂದಿಯ ಮುಂದೆ ಹೇಳುವುದು ತಪ್ಪೇ ಇರಬಹುದು. ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಅದೂ ಬ್ಯಾಟರಿ, ಇನ್ವರ್ಟರಿನ ಕಥೆ. ಬೇಸರವಾದರೆ ನಡುವೆಯೇ ಬಿಟ್ಟು ಎದ್ದರೂ ತಪ್ಪು ತಿಳಿಯುವವರಿಲ್ಲ.

ಗುರುಪ್ರಸಾದ ಕಲಬುರಗಿಯ ಸೇಡಂ ರಸ್ತೆಯಲ್ಲಿ ಸೋಲಾರ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಹದಿನಾರು ವರ್ಷದಿಂದ ಇದ್ದವನು. ಹಗಲು ಅಂಗಡಿ, ಸಂಜೆ ಕ್ಲಾಸು ಎಂದು ಓಡಾಡಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದ. ಆದರೂ ಹಗಲು ಕಾಲೇಜಿನಲ್ಲಿ ಓದಿದವರ ಎದುರು ನಿಂತರೆ ತನ್ನ ಲೆಕ್ಕದ ಮೇಲೆ ತನಗೇ ನಂಬಿಕೆ ಇರುತ್ತಿರಲಿಲ್ಲ. ಒಂದು ಫ್ಯೂಸ್ ಹಾಕಬೇಕಾದರೂ ಮೂರು ಸಲ ಗುಣಿಸಿ ನೋಡುವ ಆಸಾಮಿ.

ಅವನ ಅಕ್ಕ ಸೂಗಮ್ಮನನ್ನು ಕಮಲಾಪುರಕ್ಕೆ ಕೊಟ್ಟಿತ್ತು. ಕೊರೊನಾದಲ್ಲಿ ಹೇಗೋ ಜೀವ ಉಳಿಸಿಕೊಂಡಳು, ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಮಲಗುವಾಗ, ಉಂಡ ಮೇಲೆ, ನಾಲ್ಕು ಹೆಜ್ಜೆ ಹೆಚ್ಚು ನಡೆದಾಗ ಆಕ್ಸಿಜನ್ ಮಷೀನಿನ ನಳಿಗೆಯನ್ನು ಮೂಗಿಗೆ ಹಾಕಿಕೊಳ್ಳಬೇಕು. ಮಷೀನಿಗೆ ಕರೆಂಟು ಬೇಕು. ಅಲ್ಲಿಯ ಕರೆಂಟು ಮೋಡ ಕಂಡರೂ ಹೋಗುತ್ತಿತ್ತು. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದ. ಮನೆಯ ಯಜಮಾನಿಕೆಯನ್ನೆಲ್ಲ ತಂದೆ ದೌಲಪ್ಪನವರಿಗೆ ಬಿಟ್ಟುಬಿಟ್ಟಿದ್ದ. ಜನವರಿಯಲ್ಲಿ ಸೂಗಮ್ಮ ತಮ್ಮನಿಗೆ ಫೋನ್ ಮಾಡಿದಳು.

"ಗುರು, ನಿನಗ ತಿಳಿದಿದ್ದು ತಂದು ಹಾಕು. ಮಷೀನ್ ನಿಂದರಬಾರ್ದು, ಅಷ್ಟ ನೋಡು."

ಆ 'ಅಷ್ಟ' ಅವನ ನಿದ್ದೆ ಕೆಡಿಸಿತು. ಮಷೀನು, ಒಂದು ಫ್ಯಾನು, ಎರಡು ಲೈಟು ಸೇರಿ ನಾನೂರೈವತ್ತು ವ್ಯಾಟ್. ಹತ್ತು ತಾಸು ಕರೆಂಟು ಬಾರದಿದ್ದರೂ ನಡೆಯಬೇಕು. ನೀರು ಹಾಕುವ ಹಳೆಯ ನಮೂನೆಯ ಬ್ಯಾಟರಿಯಾದರೆ ನಾಲ್ಕು ಬೇಕು. ಪೂರ್ತಿ ಬರಿದು ಮಾಡಿದರೆ ಎರಡೇ ವರ್ಷದಲ್ಲಿ ಸೊರಗುತ್ತವೆ. ಲಿಥಿಯಂ ಆದರೆ ಐದು ಯೂನಿಟ್ ಹಿಡಿಯುವ ಒಂದೇ ಪೆಟ್ಟಿಗೆ ಸಾಕು. ಲಿಥಿಯಂನಲ್ಲೂ ಬೇಗ ಬೆಂಕಿ ಹತ್ತದ, ಐರನ್ ಫಾಸ್ಫೇಟಿನದನ್ನೇ ಆರಿಸಿದ. ಅಂಗಡಿಯ ಸೇಠ್ ಹಳೆಯ ಸ್ಟಾಕಿನ ಇನ್ವರ್ಟರ್ ಒಂದನ್ನು ತೋರಿಸಿ ಇದಕ್ಕೂ ಲಿಥಿಯಂ ನಡೆಯುತ್ತದೆ ಎಂದರು. ಗುರುಪ್ರಸಾದ ಒಪ್ಪಲಿಲ್ಲ. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಒಂದು ಸಣ್ಣ ತಂತಿಯಿರಬೇಕು, ಎಷ್ಟು ತುಂಬಿದೆ, ಎಷ್ಟು ಕಾದಿದೆ ಎಂದು ಒಂದಕ್ಕೊಂದು ತಿಳಿಸುತ್ತಿರಬೇಕು. ಹಾಗೆ ಹೊಂದುವ ಜೋಡಿಗಾಗಿ ಮೂರು ವಾರ ಕಾದ. ಬ್ಯಾಟರಿಯ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿದ. ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದ: ಐವತ್ತೈದು ಡಿಗ್ರಿ ದಾಟಿದರೆ ಬ್ಯಾಟರಿ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದ್ ಆಗುತ್ತದೆ. ತಂಪಾದ ಕೋಣೆಯಲ್ಲಿಡಬೇಕು.

ಫೆಬ್ರುವರಿಯಲ್ಲಿ ಕಾಮ್ರಾನ್‌ನನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದ. ಕಾಮ್ರಾನ್ ಅಂಗಡಿಯ ಹಳೆಯ ಮಿಸ್ತ್ರಿ, ಕೈಯೂ ಚುರುಕು, ನಾಲಿಗೆಯೂ ಚುರುಕು. ದೌಲಪ್ಪನವರು ಬಾಗಿಲಲ್ಲೇ ಕಾದಿದ್ದರು. ಹಿಂದೆ ಪಕ್ಕದ ಮನೆಯಲ್ಲಿ ಬ್ಯಾಟರಿಯ ಆಸಿಡ್ ಸೋರಿ ನೆಲ ಸುಟ್ಟಿದ್ದನ್ನು ಕಂಡವರು ಅವರು; ಬ್ಯಾಟರಿ ಎಂದರೆ ಮನೆಯ ಹೊರಗಿರಬೇಕು ಎಂಬುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಎಪ್ಪತ್ತೆರಡರ ವಯಸ್ಸಿನಲ್ಲಿ, ಸೊಸೆಯ ಸಲುವಾಗಿ, ಮಾಳಿಗೆಯ ಮೇಲೆ ತಾವೇ ನಿಂತು ಒಂದು ತಗಡಿನ ಶೆಡ್ಡು ಹಾಕಿಸಿದ್ದರು. ಹಸಿರು ಬಣ್ಣ, ಚಿಲಕ, ಬೀಗ.

"ಹೆಂಗದ ನೋಡು ತಮ್ಮಾ, ನಿನ್ನ ಬ್ಯಾಟರಿಗೆ ಅರಮನಿ," ಎಂದರು.

ಬೆಳಗಿನ ಹತ್ತಕ್ಕೇ ಒಳಗೆ ಕಾವು ಮುಖಕ್ಕೆ ಹೊಡೆಯಿತು. ಕಾಮ್ರಾನ್ ತಗಡನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. "ಗುರುಭಾಯ್, ಇಲ್ಲಿ ರೊಟ್ಟಿ ಬೇಯಿಸಬಹುದು. ಬ್ಯಾಟರಿ ಇಡೋದು ನಕ್ಕೋ, ಬ್ಯಾಡ," ಎಂದು ಮೆಲ್ಲಗೆ ಹೇಳಿದ.

ಆ ಮನೆಯಲ್ಲಿ ತಂಪಾದ ಜಾಗವೆಂದರೆ ಒಂದೇ, ದೇವರ ಜಗಲಿಯ ಕೋಣೆ. ದಪ್ಪ ಕಲ್ಲಿನ ಗೋಡೆ, ಕಿಟಕಿಯಿಲ್ಲ, ಮೇ ತಿಂಗಳಲ್ಲೂ ನೆಲ ತಣ್ಣಗೆ. ಮೈತೊಳೆಯದೆ ದೌಲಪ್ಪನವರು ಅದರ ಹೊಸ್ತಿಲು ದಾಟಿದವರಲ್ಲ. ಅಲ್ಲಿ ಕಬ್ಬಿಣದ ಪೆಟ್ಟಿಗೆ ಇಡುತ್ತೇವೆ ಎಂದು ಕೇಳುವುದು ಹೇಗೆ? ಹೆಣ್ಣು ಕೊಟ್ಟ ಮನೆಯಲ್ಲಿ ದನಿ ಎತ್ತಬಾರದು ಎಂದು ಅವನ ತಾಯಿ ಸಾಯುವತನಕ ಹೇಳಿದ್ದಳು. ತವರಿನವರು ಆಡಿದ ಒಂದು ಮಾತನ್ನು ಮಗಳು ವರ್ಷಗಟ್ಟಲೆ ಉಣ್ಣಬೇಕಾಗುತ್ತದೆ ಎಂದೂ ಹೇಳಿದ್ದಳು. ಕೆಂಪು ಗೆರೆಯ ಆ ಸಾಲು ಗುರುಪ್ರಸಾದನ ಗಂಟಲಿನವರೆಗೆ ಬಂತು. ಪಕ್ಕದಲ್ಲಿ ಮುದುಕ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು.

"ಬಿಸಲಾಗ ತಗಡಿನ ಮ್ಯಾಲ ಹಸಿ ಗೋಣಿಚೀಲ ಹಾಸ್ರಿ ಮಾವಾರ," ಎಂದಷ್ಟೇ ಹೇಳಿದ. ಬ್ಯಾಟರಿ, ಇನ್ವರ್ಟರನ್ನು ಶೆಡ್ಡಿನಲ್ಲೇ ಕೂಡಿಸಿ, ಮಾಳಿಗೆಯ ಮೇಲೆ ಆರು ಸೋಲಾರ್ ಪ್ಯಾನೆಲ್ ಹಾಕಿ ಇಬ್ಬರೂ ಮರಳಿದರು.

ದೌಲಪ್ಪನವರು ಹಾಗೇ ಮಾಡಿದರು. ಮಾರ್ಚ್, ಏಪ್ರಿಲ್ ಎರಡೂ ತಿಂಗಳು ದಿನಕ್ಕೆ ಮೂರು ಸಲ ಮಾಳಿಗೆ ಹತ್ತಿ ಚೀಲಕ್ಕೆ ನೀರು ಹೊಡೆದರು. ಕರೆಂಟು ಹೋದದ್ದು ಗೊತ್ತೇ ಆಗುವುದಿಲ್ಲ ಎಂದು ಸೂಗಮ್ಮ ಫೋನಿನಲ್ಲಿ ಹೇಳಿದಾಗ ಗುರುಪ್ರಸಾದನಿಗೆ ತಾನು ಸುಮ್ಮನೆ ಅಂಜಿದೆ ಅನಿಸಿತು.

ಮೇ ತಿಂಗಳ ಎರಡನೆಯ ವಾರ ಒಂದು ಸಂಜೆ ಮಳೆಯಿಲ್ಲದ ಬಿರುಗಾಳಿ ಬಂತು. ಊರ ಹೊರಗೆ ಕಂಬಗಳು ಉರುಳಿ ಕರೆಂಟು ಹೋಯಿತು. ಚೀಲಗಳು ಹಾರಿ ಯಾರದೋ ಹೊಲ ಸೇರಿದವು. ಮರುದಿನ ಬೆಳಗ್ಗೆ ದೌಲಪ್ಪನವರು ತೀರಿಕೊಂಡ ನೆಂಟರೊಬ್ಬರ ಮಣ್ಣಿಗೆ ಹೋಗಬೇಕಾಯಿತು. ಬಂದು ಬೇರೆ ಚೀಲ ಹಾಸಿದರಾಯಿತು ಎಂದುಕೊಂಡು ಹೊರಟರು. ನಲವತ್ತನಾಲ್ಕು ಡಿಗ್ರಿ ಬಿಸಿಲು. ಮಧ್ಯಾಹ್ನ ಉಂಡು ನಳಿಗೆ ಹಾಕಿಕೊಂಡು ಸೂಗಮ್ಮ ಮಲಗಿದ್ದಾಗ ಶೆಡ್ಡಿನಲ್ಲಿ ಬ್ಯಾಟರಿ ಬಂದ್ ಆಯಿತು. ಬ್ಯಾಟರಿಯಿಲ್ಲದೆ ಆ ಇನ್ವರ್ಟರ್ ಬರೀ ಬಿಸಿಲಿನ ಮೇಲೆ ನಡೆಯುವಂಥದ್ದಲ್ಲ. ಮಾಳಿಗೆಯ ಮೇಲೆ ಆರು ಪ್ಯಾನೆಲ್ಲುಗಳ ತುಂಬ ಬಿಸಿಲು. ಕೆಳಗೆ ಫ್ಯಾನೂ ಇಲ್ಲ, ಉಸಿರೂ ಇಲ್ಲ.

ಹೊರಕೋಣೆಯಲ್ಲಿ ಆಪತ್ತಿಗೆಂದು ಆಕ್ಸಿಜನ್ನಿನ ಒಂದು ಸಣ್ಣ ಸಿಲಿಂಡರ್ ಇತ್ತು. ಗೋಡೆ ಹಿಡಿದು ಅದರ ತನಕ ಬಂದಳು. ತಿರುಪು ತಿರುಗಿಸುವಷ್ಟು ಕಸುವು ಕೈಯಲ್ಲಿ ಉಳಿದಿರಲಿಲ್ಲ. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಲತೀಫಾ ನೋಡದಿದ್ದರೆ ಮುಗಿದೇ ಹೋಗುತ್ತಿತ್ತು. ಆಕೆಯೇ ತಿರುಪು ತಿರುವಿದಳು, ಆಕೆಯೇ ಗಾಡಿ ಮಾಡಿಸಿ ಕಲಬುರಗಿಯ ಆಸ್ಪತ್ರೆಗೆ ತಂದಳು.

ಹನ್ನೊಂದು ದಿನದ ಮೇಲೆ ಸೂಗಮ್ಮ ಮನೆಗೆ ಮರಳಿದಳು. ಮೊದಲು ನಳಿಗೆ ಆಗಾಗ ಬೇಕಿತ್ತು. ಈಗ ಇಪ್ಪತ್ತನಾಲ್ಕು ತಾಸೂ ಬೇಕು. ಅಡಿಗೆಮನೆ ಅವಳ ಪಾಲಿಗೆ ದೂರದ ಊರಾಯಿತು.

ಗುರುಪ್ರಸಾದ, ಕಾಮ್ರಾನ್ ಹೋದಾಗ ದೌಲಪ್ಪನವರು ಶೆಡ್ಡಿನ ಬೀಗ ತೆಗೆದು ನಿಂತರು. ಇಷ್ಟು ಹಣ ಸುರಿದು ತಂದದ್ದು ಯಾಕೆ ಕೈಕೊಟ್ಟಿತು ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಕೈ ಕೊಟ್ಟಿಲ್ರಿ ಮಾವಾರ. ಕಾವಿಗೆ ಬಂದ್ ಆಗ್ಯದ. ಇದು ತಂಪಿನ್ಯಾಗ ಇರಬೇಕು. ಜಗಲಿ ಕೋಣ್ಯಾಗ."

ಮುದುಕ ಕೆಳಗಿಳಿದು ಮೈಮೇಲೆ ಎರಡು ತಂಬಿಗೆ ನೀರು ಸುರಿದುಕೊಂಡರು. ಒದ್ದೆ ಪಂಚೆಯಲ್ಲೇ ಜಗಲಿಯ ಕೋಣೆಗೆ ಹೋಗಿ ದೇವರನ್ನು ತಟ್ಟೆಯಲ್ಲಿಟ್ಟುಕೊಂಡು, ದೀಪ, ವಿಭೂತಿ ಸಮೇತ ಪಡಸಾಲೆಯ ಗೂಡಿಗೆ ತಂದಿಟ್ಟರು. ಕಾಮ್ರಾನ್ ಹೊಸ್ತಿಲ ಹೊರಗೇ ನಿಂತದ್ದನ್ನು ಕಂಡು, ಬ್ಯಾಟರಿ ಹೊತ್ತುಕೊಂಡು ಒಳಗೆ ಬಾ ಎಂದು ಕರೆದರು. ತಂತಿ ಎಳೆಯುವ ಕೆಲಸ ಬಿಟ್ಟರೆ ಎಲ್ಲ ಕಾಲು ತಾಸಿನಲ್ಲಿ ಮುಗಿಯಿತು.

"ಅವತ್ತ ಯಾಕ ಹೇಳ್ಲಿಲ್ಲೋ ತಮ್ಮಾ?" ಎಂದು ದೌಲಪ್ಪನವರು ಕೇಳಿದರು.

ಗುರುಪ್ರಸಾದ ಉಳಿದ ತಂತಿಯನ್ನು ಸುತ್ತತೊಡಗಿದ. ಪಡಸಾಲೆಯ ಮಂಚದ ಮೇಲಿಂದ ಸೂಗಮ್ಮ ಕೇಳಿದಳು, ಎರಡು ಶಬ್ದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತ:

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತಕ್ಕಾ."

"ಬ್ಯಾಟರಿ ಪುಸ್ತಕ ಎರಡ್ ಸಲ ಓದಿದೆಂದಿ. ನನ್ನ ಒಂದ್ ಸಲ ಕೇಳಬಾರ್ದಿತ್ತೇನು? ಇಪ್ಪತ್ತೆಂಟು ವರ್ಷ ಆಯ್ತು ನಾ ಈ ಮನ್ಯಾಗ. ಯಾರು ಯಾವುದಕ್ಕ ಒಪ್ತಾರ, ಯಾವುದಕ್ಕ ಇಲ್ಲ, ನನಗ ಗೊತ್ತಿರಲ್ಲೇನು?"

ನನ್ನಿಂದ ನೀನು ಈ ಮನೆಯಲ್ಲಿ ಮಾತು ಕೇಳುವಂತಾಗಬಾರದೆಂದು ಸುಮ್ಮನಿದ್ದೆ ಎಂದು ಹೇಳಲು ಅವನು ಬಾಯಿ ತೆರೆದ. ಅವಳು ಗೋಡೆಯ ಕಡೆ ಹೊರಳಿದಳು. ಮಷೀನು ಗುಟುಗುಟು ಎನ್ನುತ್ತಿತ್ತು.

ಆಮೇಲೆ ಅದು ಒಮ್ಮೆಯೂ ನಿಂತಿಲ್ಲ. ಗುರುಪ್ರಸಾದ ಫೋನ್ ಮಾಡಿದರೆ ಈಗ ದೌಲಪ್ಪನವರೇ ಎತ್ತುತ್ತಾರೆ. ಅಕ್ಕ ಮಲಗಿದ್ದಾಳೆ ಎನ್ನುತ್ತಾರೆ. ಒಮ್ಮೆ ಅವರಾಗಿಯೇ, ಕೇಳಿದ್ದರೆ ಅವತ್ತೇ ಒಳಗಿಡುತ್ತಿದ್ದೆ ಎಂದರು. ಮತ್ತೆ ತಾವೇ, ಇಡುತ್ತಿದ್ದೆನೇನೋ ಎಂದರು. ಹೊಸ ಹಸಿರು ಬಣ್ಣದ ಶೆಡ್ಡಿನ ಬಾಗಿಲಲ್ಲಿ, ಎಣ್ಣೆ ಬಟ್ಟಲು ಕೈಯಲ್ಲಿದ್ದಾಗ ಆ ಮಾತು ಕೇಳಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ಗುರುಪ್ರಸಾದನಿಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ.