ಮೂರನೆಯ ಬಟ್ಟಲು

ಮೂರು ಬಟ್ಟಲಿನ ಕೋಳಿಯನ್ನು ನಮ್ಮ ಮನೆಯಲ್ಲಿ ಎರಡೇ ಬಟ್ಟಲು ಹಾಕಿ ಮಾಡುತ್ತಿದ್ದರು. ಒಂದು ಬಟ್ಟಲು ಎಳ್ಳೆಣ್ಣೆ, ಒಂದು ಬಟ್ಟಲು ಸೋಯಾ ಸಾಸ್. ಮೂರನೆಯದು ಅಕ್ಕಿ ಸಾರಾಯಿ. ಅದನ್ನು ಅಮ್ಮ ಗಡಿಗೆಗೆ ಸುರಿಯದೆ ಅಪ್ಪ ಊಟಕ್ಕೆ ಕೂರುತ್ತಿದ್ದ ಜಾಗದಲ್ಲಿಡುತ್ತಿದ್ದಳು. ಊದುಬತ್ತಿ ಹಚ್ಚುತ್ತಿರಲಿಲ್ಲ. ಹಚ್ಚಿದರೆ ಅಪ್ಪ ಸತ್ತನೆಂದು ಒಪ್ಪಿಕೊಂಡಂತೆ. ಬೆಳಗಾಗುವಷ್ಟರಲ್ಲಿ ಸಾರಾಯಿ ಒಂದು ಗೆರೆ ಇಳಿದಿರುತ್ತಿತ್ತು, ಬಟ್ಟಲಿನ ಕೆಳಗೆ ಒದ್ದೆ ಉಂಗುರ.

"ಬಂದಿದ್ರು ನೋಡು," ಅನ್ನುತ್ತಿದ್ದಳು ಅಮ್ಮ.

ಅಪ್ಪ ತಾನ್ ಚಿನ್-ಗ್ವಾನ್ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಕೆಲಸ ಮುಗಿದ ಮೇಲೆ ಆರು ಜನ ಕೂತು ಪುಸ್ತಕ ಓದುತ್ತಿದ್ದರು. ಮಿಲಿಟರಿ ಆಳ್ವಿಕೆಯ ಕಾಲ; ಅಷ್ಟೇ ಅಪರಾಧ. ನನಗೆ ಮೂರು ವರ್ಷವಾಗಿದ್ದಾಗ ಮಿಲಿಟರಿಯವರು ಬಂದು ಎಳೆದೊಯ್ದರು. ಹೆಣವನ್ನೂ ಕೊಡಲಿಲ್ಲ, ಸುದ್ದಿಯನ್ನೂ ಕೊಡಲಿಲ್ಲ. ಹೋದ ವರ್ಷ ಅಮ್ಮ ಕಣ್ಣು ಮುಚ್ಚಿದಳು. ಬಟ್ಟಲು ಎತ್ತಿಡುವುದು ನನ್ನ ಪಾಲಿಗೆ ಬಂತು.

ನಾನು ತೈಪೆಯ ಹೋಟೆಲೊಂದರಲ್ಲಿ ಅಡುಗೆಯವಳು. ನಮ್ಮ ಮ್ಯಾನೇಜರ್ ಗುವೋ 'ಐದು ದೇಶದ ಕೋಳಿ, ಐದು ಗ್ಲಾಸು' ಎಂಬ, ಕೋಳಿಗೊಂದು ವೈನಿನ ಹೊಸ ಊಟ ಹೂಡಿದ್ದ. ಫ್ರಾನ್ಸಿನದು ಕೆಂಪು ವೈನಿನಲ್ಲೇ ಬೇಯುವ ಕೋಳಿ, ಕೊರಿಯಾದ್ದು ಉರಿಖಾರದ್ದು, ಪೋರ್ಚುಗಲ್‌ದು ನಿಂಬೆ ಹಿಂಡಿ ಸುಟ್ಟದ್ದು, ಇಟಲಿಯದು ಟೊಮೇಟೊದ್ದು. ಐದನೆಯದು ನಮ್ಮದು.

"ಬೀಗ್ಯೋಕ್ ಅಕ್ಕ, ನಮ್ಮ ಕೋಳೀಗೆ ಕಥೆನೂ ಸಿಕ್ತು," ಎಂದ ಗುವೋ. "ತಲೆ ಹೋಗೋ ಕೈದಿಗೆ ಜೈಲಿನ ಕಾವಲುಗಾರ ಮರುಕಪಟ್ಟು ಮಾಡಿಕೊಟ್ಟಿದ್ದಂತೆ! ಮೆನು ಕಾರ್ಡಲ್ಲಿ ಹಾಕ್ತೀನಿ. ಜನಕ್ಕೆ ಮೈ ಜುಂ ಅನ್ಬೇಕು."

"ಕಾವಲುಗಾರಂಗೆ ಮರುಕಾನಾ? ಯಾವ ಜೈಲಪ್ಪ ಅದು, ವಿಳಾಸ ಕೊಡು."

"ಅಯ್ಯೋ, ಕಥೆ ಅಕ್ಕ!" ಎಂದು ನಾನು ಮಾಡಿಟ್ಟಿದ್ದ ಕೋಳಿಯ ಒಂದು ತುಂಡು ಬಾಯಿಗಿಟ್ಟ. "ಏನೋ ಕಮ್ಮಿ ಇದೆಯಲ್ಲ... ಸಾರಾಯಿ ಹಾಕಿಲ್ವಾ? ನಾಡಿದ್ದು ಮಧ್ಯಾಹ್ನ ಯಜಮಾನ್ರು ರುಚಿ ನೋಡೋಕೆ ಬರ್ತಾರೆ. ಮೂರೂ ಬಟ್ಲು ಬೀಳ್ಬೇಕು. ಇಲ್ದಿದ್ರೆ ಈ ಒಲೆ ಮುಂದೆ ಬೇರೆಯವರು ನಿಂತಿರ್ತಾರೆ."

ಮರುದಿನ ಹಳೆಯ ಕಡತಗಳ ಕಚೇರಿಯಿಂದ ಕರೆ ಬಂತು. ಅಮ್ಮ ಸತ್ತ ಮೇಲೆ ಅರ್ಜಿ ಹಾಕಿದ್ದೆ. ಗುಮಾಸ್ತೆ ರಟ್ಟಿನ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದಳು. ಪೆಟ್ಟಿಗೆಯಲ್ಲಿ ಅಂಥವು ಇನ್ನೂ ಬೇಕಾದಷ್ಟಿದ್ದವು.

"ಇಲ್ಲಿ ಸಹಿ ಮಾಡಿ ಅಜ್ಜಿ."

ಗುಂಡಿಕ್ಕುವ ದಿನ ಬೆಳಿಗ್ಗೆ ಅಪ್ಪ ಅಮ್ಮನಿಗೆ ಬರೆದದ್ದು:

'ಕೋಳಿ ಮಾಡಿದಾಗ ನನ್ನ ಪಾಲಿನ ಸಾರಾಯಿ ಎತ್ತಿಡಬೇಡ. ಗಡಿಗೆಗೇ ಸುರಿ. ನಾನು ಬರುವುದಿಲ್ಲ. ಮಗು ಹೊಟ್ಟೆ ತುಂಬ ತಿನ್ನಲಿ.'

ಮೂಲೆಯಲ್ಲಿ ಮೊಹರು: ತಲುಪಿಸಕೂಡದು. ಐವತ್ತೆಂಟು ವರ್ಷ ಆ ಹಾಳೆ ಪೆಟ್ಟಿಗೆಯಲ್ಲಿ ಮಲಗಿತ್ತು. ಅಪ್ಪನನ್ನು ಒಂದು ಬೆಳಿಗ್ಗೆ ಕೊಂದರು. ಅಮ್ಮನನ್ನು ದಿನಾ ಬೆಳಿಗ್ಗೆ ಕೊಂದರು.

ರುಚಿ ನೋಡುವ ದಿನ ಮನೆಯ ಬಟ್ಟಲನ್ನೇ ತಂದೆ. ಶುಂಠಿ, ಬೆಳ್ಳುಳ್ಳಿ ಕೆಂಪಾದವು, ಕೋಳಿ ಬಣ್ಣ ತಿರುಗಿತು. ಸಾರಾಯಿ ಹಿಡಿದ ಕೈ ಮಾತ್ರ ಬಾಗಲೊಲ್ಲದು. ಸುರಿದರೆ ಅಪ್ಪ ಸತ್ತ. ಅಷ್ಟು ವರ್ಷ ಸಾಯದವನು ನನ್ನ ಕೈಯಲ್ಲಿ ಸತ್ತ.

ಸುರಿದೆ. ಗಡಿಗೆ ಚೊಂಯ್ ಎಂದಿತು. ಕಾಮಕಸ್ತೂರಿ ಎಲೆ ಉದುರಿಸುವಾಗ ಬೆನ್ನ ಹಿಂದೆ ಯಾರೋ ಆ ಘಮವನ್ನು ದೀರ್ಘವಾಗಿ ಒಳಗೆಳೆದುಕೊಂಡರು. ತಿರುಗಿದೆ. ಯಾರೂ ಇರಲಿಲ್ಲ.

ಗಡಿಗೆಯನ್ನು ನಾನೇ ಮೇಜಿಗೆ ಒಯ್ದೆ.

"ಇದಕ್ಕೆ ಯಾವ ವೈನು?" ಯಜಮಾನರು ಕೇಳಿದರು.

"ಜರ್ಮನಿಯ ಸಿಹಿ ಬಿಳಿ ವೈನ್ ಸಾರ್," ಗುವೋ ಬಗ್ಗಿಸಹೋದ. ಗ್ಲಾಸನ್ನು ಆಚೆ ಸರಿಸಿದೆ.

"ಇದಕ್ಕೆ ಜೊತೆ ಬೇಕಿಲ್ಲ. ಕುಡಿಯೋರು ಕುಡಿದಾಯ್ತು." ಪತ್ರವನ್ನು ಕಾರ್ಡಿನ ಮೇಲಿಟ್ಟೆ. "ಕಾವಲುಗಾರನ ಕಥೆ ಕಿತ್ತುಹಾಕಿ, ಇದನ್ನ ಅಚ್ಚು ಹಾಕ್ಸಿ. ಓದ್ಕೊಂಡು ಆಮೇಲೆ ತಿನ್ನಿ."

ಯಜಮಾನರು ಓದಿದರು. ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಗಡಿಗೆಗೆ ಯಾರೂ ಕೈ ಹಾಕಲಿಲ್ಲ.

"ಅಕ್ಕಾ, ಕೆಲಸ ಹೋಗುತ್ತೆ," ಗುವೋ ಪಿಸುಗುಟ್ಟಿದ.

"ಹೋಗ್ಲಿ ಬಿಡು."

ಅವರ ಎದುರಿನ ಕುರ್ಚಿ ಎಳೆದು ಕೂತೆ. ಅರವತ್ತೊಂದು ವರ್ಷದ ಮಗು ನಾನು; ಹೊಟ್ಟೆ ತುಂಬ ತಿಂದೆ.

ಮನೆಗೆ ಬಂದು ಬಟ್ಟಲು ತೊಳೆದು ಒರೆಸಿ, ಮೊದಲ ಸಲ ಬೋರಲು ಹಾಕಿದೆ. ಬೆಳಿಗ್ಗೆ ಎತ್ತಿದರೆ ಕೆಳಗೆ ಒದ್ದೆ ಉಂಗುರ, ಸಾರಾಯಿಯ ವಾಸನೆ.

ಅದು ಅಪ್ಪನದಲ್ಲ. ಅಪ್ಪ ಕುಡಿದು ಹೊರಟುಹೋದ. ಆ ಪೆಟ್ಟಿಗೆಯಲ್ಲಿ ಬೇರೆಯವರ ತಲುಪದ ಪತ್ರಗಳು ಇನ್ನೂ ಇವೆ.

ಬಟ್ಟಲನ್ನು ನೆಟ್ಟಗಿಟ್ಟು ತುಂಬಿಸಿದೆ.