ಜಯಲಕ್ಷ್ಮಿಪುರಂ ಪಾರ್ಕಿನ ಬಹುಪರಾಕ್ ವಾರ್ತೆ

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಮೈಸೂರಿನ ಜಯಲಕ್ಷ್ಮಿಪುರಂನ ನಮ್ಮ ಪಾರ್ಕಿಗೆ ಒಂದು ರೇಡಿಯೋ ಇತ್ತು. ಅದನ್ನಿಟ್ಟ ಪುಟ್ಟ ಕೋಣೆಯ ಕೀಲಿಕೈ ಬಡಾವಣೆ ಸಂಘದ ಕಾರ್ಯದರ್ಶಿ ಲಕ್ಷ್ಮೀನರಸಿಂಹಯ್ಯನವರ ಜನಿವಾರದಲ್ಲಿ ನೇತಾಡುತ್ತಿತ್ತು. ದರ್ಬಾರಿನಲ್ಲಿ ಮೂವತ್ತು ವರ್ಷ ‘ಬಹುಪರಾಕ್’ ಕೂಗಿ ನಿವೃತ್ತರಾದವರು ಅವರು. ಉಟ್ಟ ಪಂಚೆಯನ್ನಾದರೂ ಬಿಚ್ಚಿಕೊಟ್ಟಾರು, ಕೀಲಿಕೈ ಕೊಡುವವರಲ್ಲ.

ಸಂಘದ ಚುನಾವಣೆಗೆ ಹತ್ತು ದಿನ ಇರುವಾಗ ರೇಡಿಯೋದ ವಾಲ್ವು ಸುಟ್ಟುಹೋಯಿತು. ಎದುರಾಳಿ ಪ್ರಭುಸ್ವಾಮಿಗೆ ತಿಳಿದರೆ ಕೀಲಿಕೈ ಹೋದಂತೆಯೇ. ಕಾರ್ಯದರ್ಶಿಗಳು ಗಣೇಶೋತ್ಸವದ ಮೈಕನ್ನು ಪಾರ್ಕಿನ ಲೌಡ್‌ಸ್ಪೀಕರಿಗೆ ಸಿಕ್ಕಿಸಿ, ಒಳಗಿನಿಂದ ಅಗಳಿ ಹಾಕಿಕೊಂಡು, ಸಂಜೆ ಏಳಕ್ಕೆ ತಾವೇ ವಾರ್ತೆ ಓದತೊಡಗಿದರು. ಆ ಹಳೇ ಸ್ಪೀಕರಿನಲ್ಲಿ ಎಲ್ಲರ ದನಿಯೂ ಒಂದೇ. ಬೆಳಗಿನ ಪತ್ರಿಕೆಯನ್ನು ದಪ್ಪಕ್ಷರದಲ್ಲಿ ನಕಲು ಮಾಡಿಕೊಡುವ ಕೆಲಸ ಸಿನಿಮಾ ಹುಚ್ಚಿನ ಹುಡುಗನಾದ ನನ್ನದು. ಗುಟ್ಟು ಬಿಡುವುದಿಲ್ಲವೆಂದು ನನ್ನಿಂದ ಚಾಮುಂಡಿಯ ಮೇಲೆ ಆಣೆ ಹಾಕಿಸಿಕೊಂಡಿದ್ದರು.

ಬೆಳಿಗ್ಗೆ ಓದಿದ್ದನ್ನೇ ಸಂಜೆ ಕೇಳಿದ ಜನಕ್ಕೆ, ಪೇಪರಿನವರು ನಿಜವನ್ನೇ ಬರೆಯುತ್ತಾರೆಂದು ಮೊದಲ ಬಾರಿಗೆ ನಂಬಿಕೆ ಬಂತು. ತೊಂದರೆ ಒಂದೇ. ಮಂತ್ರಿಗಳ ಸುದ್ದಿ ಬಂದರೆ ಕಾರ್ಯದರ್ಶಿಗಳ ಗಂಟಲು ಹಳೇ ನೌಕರಿಗೆ ಮರಳುತ್ತಿತ್ತು. ‘ಅಕ್ಕಿಯ ಅಭಾವವಿದೆಯೆಂದು ಮಂತ್ರಿಗಳು ತಿಳಿಸಿದರು, ಬಹುಪರಾಕ್.’ ಯಾರೂ ಹುಬ್ಬೇರಿಸಲಿಲ್ಲ. ಸರ್ಕಾರದವರು ಈಗಲಾದರೂ ಮರ್ಯಾದೆ ಕಲಿತರಲ್ಲ ಎಂದರು ಎದುರುಮನೆ ಪುಟ್ಟತಾಯಮ್ಮ.

ಇದನ್ನೆಲ್ಲ ನಾನು ಸಹಿಸಿಕೊಂಡೆ. ಆದರೆ ರೇಡಿಯೋದ ಸಿನಿಮಾ ಹಾಡಿನ ಹೊತ್ತಿಗೂ ಅವರೇ ದೇವರನಾಮ ಹಾಡತೊಡಗಿದರು. ‘ಎಲವೋ, ನಿನ್ನ ಅಂತ್ಯ ಸಮೀಪಿಸಿತು’ ಎಂದು ಕನ್ನಡಿಯ ಮುಂದೆ ಮೂರು ಬಗೆಯಲ್ಲಿ ಹೇಳಿ ನೋಡಿ, ಚುನಾವಣೆಯ ಹಿಂದಿನ ದಿನದ ವಾರ್ತೆಗೆ ನನ್ನದೇ ಒಂದು ಸಾಲು ಸೇರಿಸಿದೆ: ನಾಳೆ ಸಂಜೆ ಐದಕ್ಕೆ ಮಂತ್ರಿಗಳು ಈ ಪಾರ್ಕಿನ ರೇಡಿಯೋ ವೀಕ್ಷಿಸಲಿದ್ದಾರೆ. ಅವರು ಅದನ್ನೂ ಓದಿ, ಬಹುಪರಾಕ್ ಹೇಳಿ, ಆಮೇಲೆ ಬೆವರಿದರು.

ಮರುದಿನ ಮಂತ್ರಿಗಳ ಸ್ವಾಗತಕ್ಕೆಂದು ಪಕ್ಕದ ಹಿನಕಲ್ಲಿನಿಂದ ಬಾಳೆಕಂಬ ಬಂತು. ಐದಾಯಿತು, ಆರಾಯಿತು. ಬಂದದ್ದು ಒಂದು ಜಟಕಾ ಮಾತ್ರ. ಅವಸರದಲ್ಲಿ, ಸಂಘದ ದುಡ್ಡಿನಲ್ಲಿ ಹಾರ ತಂದಿದ್ದ ಚಿಕ್ಕಣ್ಣನವರು ಅದರ ಕುದುರೆಗೇ ಹಾರ ಹಾಕಿಬಿಟ್ಟರು. ವಾರ್ತೆ ಮುಗಿದೊಡನೆ ಕೈ ಎತ್ತಿ ಮತ ಹಾಕುವುದಿತ್ತು. ಮಂತ್ರಿ ಬಾರದ ಅವಮಾನ ಕಾರ್ಯದರ್ಶಿಗಳ ತಲೆಗೇ ಎಂದು ಪ್ರಭುಸ್ವಾಮಿ ನಗುತ್ತ ಕೋಣೆಯ ಬಾಗಿಲಲ್ಲೇ ನಿಂತರು.

ಏಳಕ್ಕೆ ಸ್ಪೀಕರು ಕೆಮ್ಮಿತು.

“ವಾರ್ತೆಗಳು. ಇಂದು ಸಂಜೆ ಮಂತ್ರಿಗಳು ಜಯಲಕ್ಷ್ಮಿಪುರಂ ಪಾರ್ಕಿಗೆ ಆಗಮಿಸಿ, ರೇಡಿಯೋ ವೀಕ್ಷಿಸಿ, ಕಾರ್ಯದರ್ಶಿಗಳ ಸೇವೆಯನ್ನು ಮೆಚ್ಚಿ ಹಿಂದಿರುಗಿದರು. ಬಹುಪರಾಕ್.”

ನಾನು ಕಲ್ಲುಬೆಂಚು ಹತ್ತಿ ಎದೆಯ ಮೇಲೆ ಕೈಯಿಟ್ಟೆ. “ನಿಲ್ಲಿಸಿ ಈ ನಾಟಕ! ಇಲ್ಲಿಗೆ ಯಾವ ಮಂತ್ರಿಯೂ ಬಂದಿಲ್ಲ.”

ಪುಟ್ಟತಾಯಮ್ಮ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದರು. “ಇಳಿಯೋ ಸಿದ್ದರಾಜು. ರೇಡಿಯೋದೋರ್ಗಿಂತ ನೀನೇನು ಕಂಡ್ಬುಟ್ಟೆ? ನಾವು ಕಾಪಿಗೆ ಎದ್ದೋಗಿದ್ದಾಗ ಬಂದ್ಬುಟ್ಟು ಹೋಗವ್ರೆ.”

“ನಾನು ನೋಡ್ದೆ ಕಣಮ್ಮ, ಬಿಳೀ ಟೋಪಿ,” ಎಂದರು ಚಿಕ್ಕಣ್ಣ. ಅವರಿಗೆ ಹಾರದ ಲೆಕ್ಕ ಒಪ್ಪಿಸಬೇಕಿತ್ತಲ್ಲ.

ಎಲ್ಲರೂ ಪ್ರಭುಸ್ವಾಮಿಯತ್ತ ತಿರುಗಿದರು. ಅವರ ನಗು ಸ್ವಲ್ಪ ಹೊತ್ತು ಅಲ್ಲಾಡಿತು.

“ನನ್ನ ಕೈಯನ್ನೂ ಕುಲುಕಿದ್ರು ಕಣ್ರೀ,” ಎಂದರು.

ಕೀಲಿಕೈ ಜನಿವಾರದಲ್ಲೇ ಉಳಿಯಿತು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಪುಟ್ಟತಾಯಮ್ಮ ಇನ್ನೂ ನನ್ನನ್ನೇ ನೋಡುತ್ತಿದ್ದರು.